ಮೂಕಿಗೆ ಹಾಕಿದ ನೀರು

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಮೊನ್ನೆ ಶಹಾಬಾದಿ ಕಲ್ಲು ಹಾಸಿಸಿದೆ. ಗಾರೆಯವನು ಕೆಲಸ ಮುಗಿಸಿ, ಮಧ್ಯಾಹ್ನದ ಬಿಸಿಲಿಗೆ ಕಾದಿದ್ದ ಕಲ್ಲುಗಳ ಮೇಲೆ ಒಂದು ಬಕೆಟ್ ನೀರು ಸುರಿದ. ನಾನು ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಮಣ್ಣಿಗೆ ಮಳೆ ಬಿದ್ದ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ ಪಾಪ. ಇದು ಅದಲ್ಲ. ಕಾದ ಕಲ್ಲು ನೀರು ಕುಡಿದಾಗ ಬರುವ ವಾಸನೆಯಲ್ಲಿ ಸ್ವಲ್ಪ ಸುಣ್ಣ ಇರುತ್ತದೆ, ಸ್ವಲ್ಪ ಒದ್ದೆ ಸ್ಲೇಟು ಇರುತ್ತದೆ. ಅದು ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು, ಕಣ್ಣು ತುಂಬಿತು. ಗಾರೆಯವನು ಗಾಬರಿಯಾದ. “ಯಾಕಮ್ಮ, ಕಲ್ಲು ಸರಿಯಾಗಿ ಕೂತಿಲ್ವಾ?” ಎಂದ. “ಕೂತಿದೆ ಕಣಪ್ಪ, ನೀನು ನಿನ್ನ ಕೆಲಸ ನೋಡು” ಎಂದು ಗದರಿಬಿಟ್ಟೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ.

ಆ ವಾಸನೆ ನನಗೆ ಮೊದಲು ಸಿಕ್ಕಿದ್ದು ರಾಜ್ಯಕ್ಕೆ ಮೈಸೂರು ಎಂಬ ಹೆಸರು ಇದ್ದ ಕೊನೆಯ ಬೇಸಿಗೆಯಲ್ಲಿ. ನನ್ನವರು ಚಿತ್ತಾಪುರದಲ್ಲಿ ಮುನ್ಸೀಫರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಆ ಊರಿನ ಬಿಸಿಲೂ ಹೊಸದು, ಮಾತೂ ಹೊಸದು. ಮುನ್ಸೀಫರ ಹೆಂಡತಿ ಎಂದರೆ ಏನೋ ದೊಡ್ಡಸ್ತಿಕೆ ಎಂದುಕೊಳ್ಳಬೇಡಿ. ಆ ಊರಿನ ಅರ್ಧ ಜನಕ್ಕೆ ಇನ್ನರ್ಧ ಜನದ ಮೇಲೆ ದಾವೆ. ಹಾಗಾಗಿ ನಾವು ಯಾರ ಮನೆಗೂ ಹೋಗುವಂತಿಲ್ಲ, ನಮ್ಮ ಮನೆಗೆ ಯಾರೂ ಬರುವಂತಿಲ್ಲ. ಮದುವೆಗಿಲ್ಲ, ಮುಂಜಿಗಿಲ್ಲ, ಅರಿಶಿನ ಕುಂಕುಮಕ್ಕೂ ಇಲ್ಲ. “ಒಂದು ಲೋಟ ನೀರು ಕುಡಿದರೂ ನಾಳೆ ಕೋರ್ಟಿನಲ್ಲಿ ಅದು ಮಾತಾಗುತ್ತೆ, ಸರೋಜ” ಎನ್ನುತ್ತಿದ್ದರು ಇವರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರಿಗೆ ಬೆಳಗಿನಿಂದ ಸಂಜೆಯವರೆಗೆ ವಕೀಲರು ಇದ್ದರು, ಗುಮಾಸ್ತರು ಇದ್ದರು, ಎರಡೂ ಕಡೆಯ ಕಕ್ಷಿದಾರರು ಇದ್ದರು. ನನಗೆ ಇದ್ದದ್ದು ನಾಲ್ಕು ಗೋಡೆ.

ಗೋಡೆಯೂ ಕಲ್ಲು, ನೆಲವೂ ಕಲ್ಲು, ಮೇಲೆ ಮಾಳಿಗೆಯೂ ಕಲ್ಲು. ರಾತ್ರಿಯೆಲ್ಲ ಕಳೆದರೂ ಆ ಕಲ್ಲಿನ ಕಾವು ಆರುತ್ತಿರಲಿಲ್ಲ. ಮಧ್ಯಾಹ್ನ ರಾವೂರ ಕಡೆಯ ಖಣಿಗಳಲ್ಲಿ ಕಲ್ಲು ಸಿಡಿಸಿದರೆ ದೂರದಿಂದ ‘ಧಬ್’ ಎಂಬ ಸದ್ದು ಬರುತ್ತಿತ್ತು, ನಾಗಂದಿಗೆಯ ಮೇಲಿನ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. “ಏನಂತೆ?” ಎಂದು ನಾನು ತಟ್ಟೆಗಳನ್ನು ಕೇಳುತ್ತಿದ್ದೆ. ನಗಬೇಡಿ. ಇಡೀ ದಿನ ಬಾಯಿ ಮುಚ್ಚಿಕೊಂಡು ಕೂತವರಿಗೆ ಗೊತ್ತು, ತಟ್ಟೆಯ ಜೊತೆಗಾದರೂ ಮಾತಾಡಬೇಕೆನ್ನಿಸುತ್ತದೆ.

ನಾವು ಬಂದ ಹೊಸದರಲ್ಲಿ ಪಕ್ಕದ ಮನೆಯ ಚಂದಮ್ಮ ಎಂಬಾಕೆ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟು ಕಳಿಸಿದಳು. ವಯಸ್ಸಾದ ಹೆಂಗಸು, ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅವಳ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಮೊಣಕಾಲೆತ್ತರದ ಮೋಟುಗೋಡೆ, ಅಷ್ಟೇ. ನಾನು ರೊಟ್ಟಿ ಮುರಿಯುವುದರೊಳಗೆ ಇವರು ಕೋರ್ಟಿನ ಜವಾನ ಮಾಣಿಕಪ್ಪನನ್ನು ಕರೆದು, ಕಳಿಸಿದವರ ಹೆಸರೇನು ಎಂದು ಕೇಳಿದರು. ಹೆಸರು ಕೇಳಿದ್ದೇ ತಟ್ಟೆ ವಾಪಸು. ಹೊಲ ಮನೆ ಎರಡರ ಮೇಲೂ ಚಂದಮ್ಮನಿಗೂ ಅವಳ ಮೈದುನನಿಗೂ ವ್ಯಾಜ್ಯ, ಅದು ಇವರ ಮುಂದೆಯೇ ನಡೆಯುತ್ತಿತ್ತು. ಮಾಣಿಕಪ್ಪ ಮೋಟುಗೋಡೆಯ ಮೇಲಿಂದ ತಟ್ಟೆ ನೀಡಿದಾಗ ಆಕೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಅವತ್ತಿನಿಂದ ಆ ಕಡೆಯ ಕಿಟಕಿ ಮುಚ್ಚಿಯೇ ಇರಬೇಕೆಂದು ಅಪ್ಪಣೆಯಾಯಿತು.

ನಾನು ಆಗ ಬಸುರಿ. ಹಿಂದಿನ ವರ್ಷ ಬೇರೆ ಊರಿನಲ್ಲಿದ್ದಾಗ ನನ್ನ ಮೊದಲ ಮಗು ಹೋಗಿತ್ತು. ನೋವು ಶುರುವಾದ ಮೇಲೆ ಬಸ್ಸಿಗೆ ಕಾದೆವು, ಬಸ್ಸು ಬರಲಿಲ್ಲ. ಎತ್ತಿನ ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಡಾಕ್ಟರು, “ಒಂದು ಗಂಟೆ ಮುಂಚೆ ಬಂದಿದ್ದರೆ” ಎಂದರು. ಆ ಒಂದು ಗಂಟೆ ನನ್ನೊಳಗೆ ಕೂತುಬಿಟ್ಟಿತು. ತವರಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅಮ್ಮ ಇರಲಿಲ್ಲ, ಅಷ್ಟು ದೂರ ರೈಲಿನಲ್ಲಿ ಕುಲುಕಾಡಿಸಿಕೊಂಡು ಹೋಗಬಾರದೆಂದು ಶಹಾಬಾದಿನ ಲೇಡಿ ಡಾಕ್ಟರು ಹೇಳಿದ್ದರು. ಹೆರಿಗೆಗೆ ಅವರ ಹತ್ತಿರವೇ ಹೋಗಬೇಕು ಎಂದಾಯಿತು. ವಿಷಯ ತಿಳಿದ ಅಪ್ಪ ಪತ್ರ ಗಿತ್ರ ಏನೂ ಬರೆಯಲಿಲ್ಲ. ತಮ್ಮ ಕಾರನ್ನೇ ಒಬ್ಬ ಡ್ರೈವರನ ಕೈಯಲ್ಲಿ ಮೈಸೂರಿನಿಂದ ಕಳಿಸಿಬಿಟ್ಟರು. ಅವನು ಕಾರು ಒಪ್ಪಿಸಿ ರೈಲು ಹತ್ತಿ ವಾಪಸಾದ.

ಕಪ್ಪು ಬಣ್ಣದ ಮುದಿ ವಿಲಾಯಿತಿ ಕಾರು. ಬಾನೆಟ್ಟು ನಡುವೆ ಕೀಲು ಹಾಕಿದ್ದು, ಎರಡು ಪಕ್ಕಕ್ಕೂ ಕೋಳಿಯ ರೆಕ್ಕೆಯಂತೆ ಏಳುತ್ತಿತ್ತು. ಅಪ್ಪ ಭಾನುವಾರಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆದವರು. ನಟ್ಟು ತಿರುಗಿಸುವ ಪಾನಾ ಎತ್ತಿಕೊಡುವ ಕೆಲಸ ನನ್ನದು. “ಮಗೂ, ಇದಕ್ಕೆ ಬೇಕಾದ್ದು ಎರಡೇ, ಪೆಟ್ರೋಲು ಮತ್ತು ಕಿಡಿ. ಎರಡಿದ್ದೂ ಹೊರಡದಿದ್ದರೆ ಅದು ಕಾರೇ ಅಲ್ಲ” ಎನ್ನುತ್ತಿದ್ದರು. ಆ ಕಾರು ನಮ್ಮ ಅಂಗಳದ ಕಲ್ಲುಹಾಸಿನ ಮೇಲೆ, ಬೇವಿನ ಮರದ ಕೆಳಗೆ, ಮೋಟುಗೋಡೆಗೆ ತಾಗಿಕೊಂಡು ನಿಂತಿತು. ತವರಿನವರೇ ಯಾರೋ ಬಂದು ಅಂಗಳದಲ್ಲಿ ಕೂತ ಹಾಗೆ ನನಗೆ ಧೈರ್ಯ ಬಂತು. ದಿನಾ ಬೆಳಿಗ್ಗೆ ಕೋರ್ಟಿಗೆ ಹೋಗುವ ಮುಂಚೆ ಅದನ್ನು ಸ್ಟಾರ್ಟ್ ಮಾಡಿ ನನಗೆ ತೋರಿಸಬೇಕು ಎಂದು ಇವರಿಗೆ ಕಟ್ಟಪ್ಪಣೆ ಮಾಡಿದೆ. ಮನೆಯೊಳಗೆ ನನ್ನದೂ ಒಂದು ಕಾನೂನು ಇರಲಿ ಎಂದು.

ಹೋಳಿ ಕಳೆದ ಮೇಲೆ ಕಾರು ತನ್ನ ಆಟ ಶುರುಮಾಡಿತು. ಒಂದು ಬೆಳಿಗ್ಗೆ ಇವರು ಸ್ಟಾರ್ಟರ್ ಎಳೆದರೆ ಗರ್‍ರ್ ಗರ್‍ರ್ ಎಂದು ಇಂಜಿನ್ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಮರುದಿನ ಬೆಳಿಗ್ಗೆ ಒಂದೇ ಏಟಿಗೆ ಹತ್ತಿತು. ಅದರ ಮರುದಿನವೂ ಸರಿ. ಮತ್ತೆ ಕೆಲವು ದಿನ ಬಿಟ್ಟು ಅದೇ ಗರ್‍ರ್ ಗರ್‍ರ್. ಪೂರ್ತಿ ಕೆಟ್ಟುಹೋದ ಗಾಡಿಯನ್ನು ನಂಬಬಹುದು, ರಿಪೇರಿ ಮಾಡಿಸಬಹುದು. ಬೇಕಾದಾಗ ಕೆಟ್ಟು ಬೇಕಾದಾಗ ಸರಿಹೋಗುವ ಗಾಡಿಯನ್ನು ಏನು ಮಾಡುತ್ತೀರಿ? ನನ್ನ ಹೆರಿಗೆಯ ದಿನ ಅದಕ್ಕೆ ಹತ್ತುವ ದಿನವೋ, ಕೆಡುವ ದಿನವೋ?

ಶಹಾಬಾದಿನಿಂದ ಮಹಬೂಬ ಮಿಸ್ತ್ರಿಗೆ ಹೇಳಿಕಳಿಸಿದೆವು. ಅವನು ರೈಲು ಹಿಡಿದು ವಾಡಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಚಿತ್ತಾಪುರ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಬಂದವನೇ ಸ್ಟಾರ್ಟರ್ ಎಳೆದ. ಆ ಮಾನಗೆಟ್ಟ ಕಾರು ಒಂದೇ ಏಟಿಗೆ ಹತ್ತಿಕೊಂಡು ಮುದ್ದಾಗಿ ಗುರುಗುಟ್ಟತೊಡಗಿತು.

“ಬಾಯಿಸಾಬ್, ಗಾಡೀಗಿ ಏನೂ ಆಗಿಲ್ರಿ. ಹುಲಿ ಹಂಗ ಅದ” ಎಂದ ಮಿಸ್ತ್ರಿ.

“ಬೆಳಿಗ್ಗೆ ಹತ್ತಲಿಲ್ಲಪ್ಪ!”

“ಈಗ ಹತ್ಯಾದಲ್ರಿ?”

ಸುಮ್ಮನೆ ಬಂದದ್ದಕ್ಕೆ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿ ಹಾಕಿ ಹೋದ. ಇನ್ನೊಮ್ಮೆ ಬಂದಾಗ ಬ್ಯಾಟರಿಯ ಮೇಲೆ ಗುಮಾನಿ. ಮತ್ತೊಮ್ಮೆ ಪೆಟ್ರೋಲಿನಲ್ಲಿ ಕಸ. ಪ್ರತಿಸಲ ಅವನು ಬರುವ ಹೊತ್ತಿಗೆ ಕಾರು ಸರಿಯಾಗಿಯೇ ಇರುತ್ತಿತ್ತು. ಕೊನೆಗೆ ನನ್ನ ಮುಖ ನೋಡಿ, ಕನಿಕರದಿಂದ, “ಬಾಯಿಸಾಬ್, ನೀವು ಭಾಳ ಅಂಜಾಕತ್ತೀರಿ. ಸುಮ್ಕ ಆರಾಮ್ ಇರ್ರಿ” ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಕಾರು ಕೆಟ್ಟಿದೆ ಎಂದರೆ ನನ್ನ ತಲೆಯೇ ಕೆಟ್ಟಿದೆ ಎನ್ನುತ್ತಾನಲ್ಲ!

ಅದರ ನಡುವೆ ಒಂದು ದಿನ ಇವರಿಗೆ ಗುಲ್ಬರ್ಗಾಕ್ಕೆ ಹೋಗಲೇಬೇಕಿತ್ತು, ಕಾರು ಹತ್ತಲಿಲ್ಲ. ತಳ್ಳಿ ಹತ್ತಿಸೋಣ ಎಂದು ಮಾಣಿಕಪ್ಪ ಓಣಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದ. ನಿಮಿಷದಲ್ಲಿ ಹತ್ತು ಹನ್ನೆರಡು ಜನ ಸೇರಿದರು, ಉತ್ಸಾಹದಿಂದ ತೋಳು ಮೇಲೇರಿಸಿದರು. ಇವರಿಗೆ ಧರ್ಮಸಂಕಟ. ಮಾಣಿಕಪ್ಪನ ಕಿವಿಯಲ್ಲಿ ಏನೋ ಹೇಳಿದರು. ಅವನು ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ಅದೇ ದನಿಯಲ್ಲಿ ಕೂಗಿದ: “ಕೇಸ್ ಇದ್ದೋರು ಸರೀರಿ! ಸಾಹೇಬರ ಮುಂದ ಕೇಸ್ ಇದ್ದೋರು ಗಾಡಿ ಮುಟ್ಟಬ್ಯಾಡ್ರಿ!” ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಉಳಿದವರು ಇಬ್ಬರೇ, ಒಬ್ಬ ಬಳೆ ಮಾರುವವನು, ಇನ್ನೊಬ್ಬ ಸೇಡಂನಿಂದ ಯಾರದೋ ಮನೆಗೆ ಬಂದಿದ್ದ ನೆಂಟ. ಅವರಿಬ್ಬರೂ ಏದುಸಿರು ಬಿಡುತ್ತ ಬಾವಿಯವರೆಗೂ ತಳ್ಳಿದರು. ಸರಿದು ನಿಂತವರು ಕೈಕಟ್ಟಿಕೊಂಡು, “ಎಡಕ್ಕ ತಿರುವ್ರಿ, ಜೋರ್ ತಳ್ರಿ” ಎಂದು ಬುದ್ಧಿ ಹೇಳುತ್ತ ಹಿಂದೆ ಹಿಂದೆಯೇ ನಡೆದರು. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದಾಗಲೇ ಕಂಡಿತು, ಚಂದಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಾಳೆ. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ. ಮಾಣಿಕಪ್ಪನ ಕೂಗು ಅವಳಿಗೂ ಸೇರಿತ್ತು. ಇಬ್ಬರ ಕಣ್ಣೂ ಕೂಡಿದವು. ನಾನು ಬಾಗಿಲು ಹಾಕಿಕೊಂಡು ಒಳಗೆ ಬಂದೆ. ಬೇರೆ ಏನು ಮಾಡಲಿ? ಆ ಊರಿನಲ್ಲಿ ನಾನು ಇನ್ನೊಬ್ಬರ ಜೊತೆ ಸೇರಿ ನಕ್ಕದ್ದು ಅದೊಂದೇ ಸಲ.

ಆಮೇಲೆ ನಾನೇ ಸೀರೆ ಎತ್ತಿಕಟ್ಟಿದೆ. ದಿನಕ್ಕೊಂದು ಭಾಗ ನೋಡಿದೆ. ಪೆಟ್ರೋಲು ಬರುತ್ತಿತ್ತು. ಹಾಗಾದರೆ ಇಲ್ಲದ್ದು ಕಿಡಿ. ಕಿಡಿ ಎಲ್ಲಿ ದಾರಿ ತಪ್ಪುತ್ತದೆ ಎಂದು ನೋಡಬೇಕಾದರೆ ಕತ್ತಲಲ್ಲಿ ನೋಡಬೇಕು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿಗೆ ಬಂತು. ಬೆಳಕು ಹರಿಯುವ ಮುಂಚೆ ಇವರನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸತೊಡಗಿದೆ. ಮೊದಲೆರಡು ದಿನ ಕಾರು ಚೆನ್ನಾಗಿಯೇ ಹತ್ತಿತು. “ನಿನಗೆ ಮಿಸ್ತ್ರಿ ಹೇಳಿದ್ದೇ ಸರಿ” ಎಂದು ಇವರು ಆಕಳಿಸುತ್ತ ಒಳಗೆ ಹೋದರು. ನಾನು ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಸಿಕ್ಕಿಬಿತ್ತು. ಇವರು ಸ್ಟಾರ್ಟರ್ ಎಳೆದರು, ನಾನು ಬಾನೆಟ್ಟಿನ ಒಂದು ರೆಕ್ಕೆ ಎತ್ತಿ, ಹೊಟ್ಟೆ ಅಡ್ಡ ಬರುತ್ತಿದ್ದರೂ ಬಗ್ಗಿ ನೋಡಿದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಕರಿಯ ಮುಚ್ಚಳ ಇರುತ್ತದಲ್ಲ, ಅದರ ಹೊರಮೈಯಲ್ಲಿ ಒಂದು ನೀಲಿ ಎಳೆ ಪಟಪಟ ಎಂದು ಮೇಲೆ ಕೆಳಗೆ ಓಡಾಡುತ್ತಿತ್ತು. ಕೈ ಇಟ್ಟರೆ ಮುಚ್ಚಳ ಒದ್ದೆ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಒಣಗಿದ್ದಾಗ ಆ ಬಿರುಕಿನಿಂದ ಏನೂ ಆಗುತ್ತಿರಲಿಲ್ಲ, ನೀರು ತಾಗಿದರೆ ಕಿಡಿಯೆಲ್ಲ ಅದರಲ್ಲೇ ಹರಿದುಹೋಗುತ್ತಿತ್ತು. ಬಿಸಿಲೇರಿದರೆ ಒಣಗಿ ಮತ್ತೆ ಸರಿ. ಸೆರಗಿನಿಂದ ಒರೆಸಿದೆ, ಕಾರು ಹತ್ತಿತು! “ಸಿಕ್ತು ರೀ, ಸಿಕ್ತು!” ಎಂದು ನಾನು ಕೂಗಿಕೊಂಡೆ. ಹೊಟ್ಟೆ ಇರದಿದ್ದರೆ ಕುಣಿದೇಬಿಡುತ್ತಿದ್ದೆ.

ಕುಣಿತ ಇಳಿದ ಮೇಲೆ ಯೋಚನೆ ಹತ್ತಿತು. ಮಳೆಯಿಲ್ಲ, ಮಂಜಿಲ್ಲ, ಓಣಿಯ ಬಾವಿ ತಳ ಕಾಣುತ್ತಿದೆ. ಕಾರಿನೊಳಗೆ ನೀರು ಎಲ್ಲಿಂದ ಬಂತು? ಕೆಳಗಿನ ಕಲ್ಲುಹಾಸೂ ಒದ್ದೆಯಾಗಿತ್ತು. ರಾತ್ರಿಯೆಲ್ಲ ಕಾವು ಬಿಡದ ಆ ಕಲ್ಲಿನಿಂದ ಅದೇ ವಾಸನೆ ಏಳುತ್ತಿತ್ತು. ಮಾಣಿಕಪ್ಪ ಬರುತ್ತಲೇ ಬಟ್ಟೆ ಹಿಡಿದು ಕಾರು ಒರೆಸಲು ಹೊರಟ. ಅದು ಅವನ ದಿನದ ಕೆಲಸ.

“ಈ ನೀರು ಎಲ್ಲಿಂದ ಬಂತು ಮಾಣಿಕಪ್ಪ?”

“ದರ ಸೋಮಾರ ಇರ್ತದಲ್ರಿ. ಅಮಾಸಿಗೂ ಇರ್ತದ. ನೀವೇ ಪೂಜಾ ಮಾಡಿ ಹಾಕ್ತೀರಿ ಅನ್ಕೊಂಡಿದ್ದೆರಿ ನಾ” ಎಂದ.

ಮುಂದಿನ ಸೋಮವಾರ ನಾನು ಕೋಳಿ ಕೂಗುವ ಮೊದಲೇ ಎದ್ದು, ಮುಚ್ಚಿದ್ದ ಆ ಕಿಟಕಿಯನ್ನು ಬೆರಳು ಹಿಡಿಯುವಷ್ಟು ತೆರೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಮಸುಕು ಬೆಳಕಿನಲ್ಲಿ ಚಂದಮ್ಮ ಮೋಟುಗೋಡೆ ದಾಟಿ ಬಂದಳು. ಕೈಯಲ್ಲಿ ತಂಬಿಗೆ. ಮುನ್ಸೀಫರ ಮೇಲಿನ ಸಿಟ್ಟನ್ನು ನನ್ನ ಹೊಟ್ಟೆಯ ಮೇಲೆ ತೀರಿಸಿಕೊಳ್ಳಲು ಬಂದಿದ್ದಾಳೆ ಮುದುಕಿ! ಅಗುಳಿಗೆ ಕೈ ಹಾಕಿದೆ. ಓಣಿಗೆ ಓಣಿಯೇ ಎದ್ದು ಬರುವಂತೆ ಕೂಗಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ತಂಬಿಗೆ ಬಗ್ಗಿಸಿದಳು. ಬಾನೆಟ್ಟಿನ ತುದಿಯಿಂದ ನಡುವಿನ ಕೀಲಿನ ಗುಂಟ ಸಣ್ಣಗೆ ಧಾರೆ ಬಿಟ್ಟಳು, ದೇವರ ತಲೆಗೆ ನೀರು ಹಾಕುವವರ ಹಾಗೆ. ಒದ್ದೆ ಕೈಯಿಂದ ಬಾನೆಟ್ಟನ್ನು ಸವರಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಎತ್ತಿಗೆ ಹೇಳುವ ಹಾಗೆ ಕಾರಿಗೆ ಹೇಳಿದಳು: “ಒಬ್ಬಾಕಿನ ಒಯ್ಯಿ ನನ್ನಪ್ಪಾ, ಇಬ್ಬರನ್ನ ತಾ. ಒಬ್ಬಾಕಿನ ಒಯ್ಯಿ, ಇಬ್ಬರನ್ನ ತಾ.”

ಮೋಟುಗೋಡೆ ದಾಟಿ ಹೋದಳು. ನಾನು ಕಿಟಕಿಯ ಕೆಳಗೆ ಕುಸಿದು ಕೂತು ಅತ್ತೆ. ಅಮ್ಮ ಸತ್ತಾಗ ಅತ್ತ ಮೇಲೆ ಹಾಗೆ ಅತ್ತಿರಲಿಲ್ಲ, ಮಗು ಹೋದಾಗಲೂ ಇಲ್ಲ.

ಮಾಣಿಕಪ್ಪನನ್ನು ಸುತ್ತಿ ಬಳಸಿ ಕೇಳಿದೆ, ಬಸುರಿ ಹೆಂಗಸಿಗೂ ಗಾಡಿಗೂ ಏನಾದರೂ ಶಾಸ್ತ್ರ ಉಂಟೇ ಎಂದು. “ಕೆಲವು ಮನ್ಯಾಗ ಮಾಡ್ತಾರ್ರೀ” ಎಂದ. “ಹಡಿಯಾಕ ಒಯ್ಯೋ ಬಂಡಿ ಮೂಕಿಗಿ ನೀರ್ ಹಾಕ್ತಾರ. ಮೂಕಿ ಅಂದ್ರ ಮುಂದಿನ ಉದ್ದ ಕಟ್ಟಿಗಿರಿ, ನೊಗ ಕಟ್ಟೋದು. ಬಂಡಿ ಹಾದ್ಯಾಗ ನಿಲ್ಲಬಾರದಂತ ಹಾಕೋದು.” ಕಾರಿಗೆ ನೊಗ ಎಲ್ಲಿ, ಮೂಕಿ ಎಲ್ಲಿ? ಮುಂದಕ್ಕೆ ಚಾಚಿದ್ದ ಬಾನೆಟ್ಟೇ ಮೂಕಿ ಎಂದುಕೊಂಡಿದ್ದಳು ಅವಳು. ದಾರಿಯಲ್ಲಿ ನಿಲ್ಲಬಾರದೆಂದು ಅವಳು ಹಾಕಿದ ನೀರೇ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸುತ್ತಿತ್ತು. ಅದೂ ಎಂಥ ಬೇಸಿಗೆಯಲ್ಲಿ! ಆ ವಯಸ್ಸಿನಲ್ಲಿ ಊರಾಚೆಯ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದವಳು.

ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಮಾಣಿಕಪ್ಪನನ್ನು ಕಳಿಸಿ ಎಚ್ಚರಿಕೆ ಕೊಡಿಸುತ್ತಿದ್ದರು. ವಾದಿಯು ನ್ಯಾಯಾಧೀಶರ ವಾಹನವನ್ನು ಮುಟ್ಟಿದ್ದಾಳೆ ಎಂದು ಅದಕ್ಕೊಂದು ಹೆಸರೂ ಇಡುತ್ತಿದ್ದರು. ಅವಳಿಗೆ ಹೇಳುವಂತೆಯೂ ಇರಲಿಲ್ಲ. ಹೇಳುವುದಾದರೂ ಏನು? “ಅಮ್ಮಾ, ನೀನು ಹರಸಬೇಡ, ಕಾರು ಕೆಡುತ್ತೆ” ಎಂದೇ? ಆ ಕಾರಿಗೆ ಯಾವ ಬಿಡಿಭಾಗ ಸಿಗುವುದೂ ಕಷ್ಟ, ಹೈದರಾಬಾದಿನಲ್ಲಿ ಹುಡುಕಬೇಕು ಎಂದು ಮಹಬೂಬ ಮಿಸ್ತ್ರಿ ಮೊದಲೇ ಕೈಚೆಲ್ಲಿದ್ದ. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬು ತರಿಸಿದೆ. ಕತ್ತರಿಸಿ, ಮಗುವಿಗೆ ಕುಲಾವಿ ಹೊಲಿದ ಹಾಗೆ ಆ ಮುಚ್ಚಳಕ್ಕೊಂದು ರಬ್ಬರಿನ ಕುಲಾವಿ ಮಾಡಿ, ವೈರುಗಳ ಬುಡಕ್ಕೆಲ್ಲ ದಾರ ಬಿಗಿದು ಕಟ್ಟಿದೆ. ಒಂದು ಚೊಂಬು ನೀರು ನಾನೇ ಸುರಿದು ನೋಡಿದೆ. ಒಂದೇ ಏಟಿಗೆ ಹತ್ತಿತು. ಆಮೇಲೆ ಕಾರು ಒಂದು ದಿನವೂ ಕೈಕೊಡಲಿಲ್ಲ. “ನೋಡ್ರಿ, ನಾ ಪ್ಲಗ್ ಉಜ್ಜಿದ್ದು ಕೆಲಸ ಮಾಡ್ತು” ಎಂದು ಮಿಸ್ತ್ರಿ ಹೇಳಿಕೊಂಡು ಓಡಾಡಿದನಂತೆ. ಹೇಳಿಕೊಳ್ಳಲಿ ಬಿಡಿ.

ಅಲ್ಲಿಂದ ಮುಂದೆ ಸೋಮವಾರ ಎಂದರೆ ನನಗೆ ಹಬ್ಬ. ವಾರವೆಲ್ಲ ಯಾರೂ ಇಲ್ಲದ ಆ ಮನೆಯಲ್ಲಿ ಸೋಮವಾರದ ಮಸುಕಿನಲ್ಲಿ ನನಗಾಗಿ ಒಬ್ಬರು ಬರುತ್ತಿದ್ದರು. ನಾನು ಗೋಡೆಗೆ ಒರಗಿ, ಕಿಟಕಿಯ ಈಚೆ, ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಕಾಲುಂಗುರದ ಸದ್ದಿಲ್ಲದ ಹೆಜ್ಜೆ, ತಗಡಿನ ಮೇಲೆ ನೀರಿನ ಸದ್ದು, ಆಮೇಲೆ ಕಲ್ಲಿನ ವಾಸನೆ, ಆಮೇಲೆ ಆ ಎರಡು ಮಾತು. ಒಂದು ಸಲ ಕೆಮ್ಮು ಬಂದುಬಿಟ್ಟಿತು ನನಗೆ. ಆಚೆ ನೀರಿನ ಸದ್ದು ನಿಂತಿತು. ನಾನು ಕಿಟಕಿ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಮತ್ತೆ ಬಿದ್ದ ಸದ್ದು ಕೇಳಿತು. ನಾನು ಅಲ್ಲಿ ಕೂತಿರುತ್ತೇನೆಂದು ಅವಳಿಗೆ ಗೊತ್ತಾಗಿತ್ತು.

ಬೇಸಿಗೆ ರಜೆಗೆ ಮುಂಚೆ ಇವರು ಹಳೆಯ ಕೇಸುಗಳನ್ನು ಮುಗಿಸುತ್ತಿದ್ದರು. ವಾರದ ಕೊನೆಯಲ್ಲಿ ಒಂದು ಸಂಜೆ ಮಾಣಿಕಪ್ಪ ಹಾಲು ತಂದಿಟ್ಟು, ಹೋಗದೆ ನಿಂತ. “ಬಾಜೂ ಮನಿ ಮುದುಕಿ ಸೋತಳ್ರಿ. ಹೊಲಾನೂ ಹೋತು, ಮನೀನೂ ಹೋತು” ಎಂದ. ನಾನು ಇವರನ್ನು ಏನೂ ಕೇಳಲಿಲ್ಲ. ಆ ರಾತ್ರಿ ಊಟದಲ್ಲಿ ಇವರು ಎರಡು ಸಲ ನನ್ನ ಮುಖ ನೋಡಿ ತಟ್ಟೆಗೆ ಕಣ್ಣು ಇಳಿಸಿದರು. ಕಾನೂನಿನ ಪ್ರಕಾರ ಸರಿಯಾಗಿಯೇ ಬರೆದಿರುತ್ತಾರೆ. ಇವರ ಕೆಲಸ ನನಗೆ ಗೊತ್ತು.

ಸೋಮವಾರ ಬಂತು. ನಾನು ಕಿಟಕಿಯನ್ನು ಪೂರ್ತಿ ತೆರೆದು ಕೂತೆ. ಮಸುಕು ಹರಿಯಿತು, ಕೋಳಿ ಕೂಗಿತು, ಬೆಳಕಾಯಿತು. ಯಾರೂ ಬರಲಿಲ್ಲ. ಬಾನೆಟ್ಟಿನ ಮೇಲೆ ಬರೀ ಧೂಳು. ಬರಲಿ ಎಂದು ಯಾವ ಬಾಯಿಂದ ಕೇಳಲಿ? ಅವಳ ಮನೆ ಕಳೆದದ್ದು ನನ್ನ ಮನೆಯ ಯಜಮಾನರ ಬಾಯಿಂದ. ಹಾಗಿದ್ದೂ ನನಗೆ ತಡೆಯಲಾರದಷ್ಟು ಸಂಕಟವಾಯಿತು. ಇನ್ನು ಈ ಊರಿನಲ್ಲಿ ನನಗೆ ಯಾರೂ ಇಲ್ಲ ಎಂದುಕೊಂಡು ಏಳಲು ಹೋದೆ, ಸೊಂಟದಲ್ಲಿ ಛಳಕ್ ಎಂದಿತು. ನೋವು ಶುರುವಾಗಿತ್ತು, ಲೇಡಿ ಡಾಕ್ಟರು ಹೇಳಿದ್ದಕ್ಕಿಂತ ಎಷ್ಟೋ ಮುಂಚೆ.

ಇವರು ಅರ್ಧ ಕ್ಷೌರ ಮಾಡಿಕೊಂಡ ಮುಖದಲ್ಲೇ ಓಡಿಬಂದರು. ಮಾಣಿಕಪ್ಪ ಒಂದು ಕೈಯಲ್ಲಿ ಹಾಸಿಗೆ, ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದ. ಇವರು ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಇವರು ಸ್ಟಾರ್ಟರ್ ಎಳೆದರು. ನಾನು ಕಣ್ಣು ಮುಚ್ಚಿಕೊಂಡೆ. ಹಿಂದಿನ ವರ್ಷದ ಆ ಒಂದು ಗಂಟೆ ಎದೆಯ ಮೇಲೆ ಕೂತಿತ್ತು. ಗರ್‍ರ್ ಎಂದಿತು, ಹತ್ತಿತು! ಅಂಗಳ ದಾಟಿ ಓಣಿಗೆ ತಿರುಗಿದೆವು. ಅಲ್ಲಿ ಇವರು ಗಕ್ಕನೆ ಬ್ರೇಕ್ ಹಾಕಿದರು.

ನಾನು ತಲೆ ಎತ್ತಿ ನೋಡಿದೆ. ಎದುರಿಗೆ, ಓಣಿಯ ನಟ್ಟನಡುವೆ ಚಂದಮ್ಮ ನಿಂತಿದ್ದಳು. ಕೈಯಲ್ಲಿ ತಂಬಿಗೆಯಲ್ಲ, ತುಂಬಿದ ಕೊಡ. ಅವಳ ಬಾಗಿಲಲ್ಲಿ ಸಾಮಾನು ಹೇರಿದ ಒಂದು ಬಂಡಿ ನಿಂತಿತ್ತು. ಇವರ ಮುಖ ಬಿಳಿಚಿಕೊಂಡಿತು. ಶಾಪ ಹಾಕಲು ಬಂದಿದ್ದಾಳೆ ಎಂದುಕೊಂಡರೇನೋ. ಕಾರಿನ ಹಿಂದೆ ಬರುತ್ತಿದ್ದ ಮಾಣಿಕಪ್ಪ ಮುಂದಕ್ಕೆ ಓಡಿದ. ಅಭ್ಯಾಸಬಲ, ಬಾಯಿಗೆ ಬಂದದ್ದು ಅದೇ ಕೂಗು: “ಕೇಸ್ ಇದ್ದೋರು ಸರೀರಿ! ಸರಿ ಮುದುಕಿ, ಸರಿ!”

“ನಂದು ಮುಗದಾದೋ ಮಾಣಿಕ್ಯಾ” ಎಂದಳು ಚಂದಮ್ಮ. “ನಂದೇನ್ ಕೇಸ್ ಉಳದಾದ ಈಗ? ನೀ ಸರಿ.”

ಕಾರಿನ ಮುಂದೆ ಬಂದು, ಎಲ್ಲರೂ ನೋಡುತ್ತಿದ್ದಂತೆ, ಹಗಲು ಬೆಳಕಿನಲ್ಲಿ, ಇಡೀ ಕೊಡವನ್ನು ಬಾನೆಟ್ಟಿನ ಮೇಲೆ ಸುರಿದಳು. ನೀರು ಕೀಲಿನ ಸಂದಿಯಲ್ಲಿ, ಪಕ್ಕದ ಕಿಂಡಿಗಳಲ್ಲಿ ದಬದಬ ಒಳಗಿಳಿಯಿತು. ಇವರು “ಅಯ್ಯೋ, ಇಂಜಿನ್ನು!” ಎಂದರು. ಇಂಜಿನ್ನು ಒಂದಿಷ್ಟೂ ತೊದಲಲಿಲ್ಲ. ನಾನು ಕಟ್ಟಿದ ಕುಲಾವಿ ಹಿಡಿದು ನಿಂತಿತ್ತು. ಚಂದಮ್ಮ ಒದ್ದೆ ಕೈಯಲ್ಲಿ ಬಾನೆಟ್ಟು ಸವರಿ, ಕಾರಿಗೆ ಹೇಳಬೇಕಾದ್ದನ್ನು ಹೇಳಿ, ಹಿಂದಿನ ಕಿಟಕಿಯ ಹತ್ತಿರ ಬಂದಳು. ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಕೈ ಮುಟ್ಟಿದಳು.

“ಅಂಜಬ್ಯಾಡ ನನ್ನವ್ವಾ. ಎಲ್ಲೂ ನಿಲ್ಲಂಗಿಲ್ಲ ಅದು. ನಾ ಹೇಳೀನಿ ಅದಕ್ಕ.”

ಅವಳ ಕೈ ಹಿಡಿದುಕೊಂಡೆ. ಕಾರು ಹೊರಟಾಗ ಅದು ಜಾರಿಹೋಯಿತು.

ವಾಡಿ ಹತ್ತಿರ ಬರುವವರೆಗೂ ಇವರು ರಸ್ತೆಯ ಹಳ್ಳಗಳನ್ನು ತಪ್ಪಿಸುತ್ತ ಓಡಿಸಿದರು. ಆಮೇಲೆ ಹಿಂದಕ್ಕೆ ತಿರುಗದೆ ಕೇಳಿದರು, “ಎಷ್ಟು ದಿನದಿಂದ ಹಾಕ್ತಿದ್ದಳು?” “ಸೋಮವಾರ ಸೋಮವಾರ” ಎಂದೆ. “ನಿನಗೆ ಗೊತ್ತಿತ್ತಾ?” “ಹೂಂ.” ಅಷ್ಟೇ. ಶಹಾಬಾದಿನವರೆಗೆ ಕಾರು ಎಲ್ಲೂ ನಿಲ್ಲಲಿಲ್ಲ. ಹೊತ್ತು ಇರುವಾಗಲೇ ಮುಟ್ಟಿದೆವು. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ಕಿರುಚಿದ ದನಿ ಕೇಳಿ ಲೇಡಿ ಡಾಕ್ಟರು, “ಕೋಪ ನಿಮ್ಮದೇ” ಎಂದು ನಕ್ಕರು.

ಆಸ್ಪತ್ರೆಯಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಸಾಮಾನು ಹೇರಿದ್ದ ಬಂಡಿ ನೆನಪಿತ್ತು, ಆದರೆ ಇಷ್ಟು ಬೇಗ ಯಾರೂ ಮನೆ ಬಿಡಿಸುವಂತಿಲ್ಲ ಎಂದಿದ್ದರು ಇವರು. ಓಣಿಗೆ ತಿರುಗುತ್ತಲೇ, ನಾನು ಹೇಳುವ ಮುಂಚೆ ಇವರೇ ಚಂದಮ್ಮನ ಬಾಗಿಲಿಗೆ ಕಾರು ನಿಲ್ಲಿಸಿದರು. “ಹೋಗು, ತೋರಿಸಿ ಬಾ. ಕೇಸು ಮುಗಿದಿದೆ, ಈಗ ಮಾತಾಡಬಹುದು” ಎಂದರು. ಮಗುವನ್ನು ಎತ್ತಿಕೊಂಡು ಇಳಿದೆ. ಬಾಗಿಲಿಗೆ ಬೀಗ. ಅಂಗಳದಲ್ಲಿ ಮೈದುನನ ಎತ್ತುಗಳು ಕಟ್ಟಿದ್ದವು, ಮೆಲುಕು ಹಾಕುತ್ತ ನನ್ನನ್ನು ನೋಡಿದವು. ಮಾಣಿಕಪ್ಪ ಓಡುತ್ತ ಬಂದ. “ನೀವು ಹ್ವಾದ ದಿನಾನೇ ಹೋದಳ್ರಿ. ಚಿಂಚೋಳಿ ಕಡಿ, ಕುಂಚಾವರಂದಾಗ ಆಕಿ ತಂಗಿ ಇದ್ದಾಳಂತ. ಯಾರೂ ಹೊರಗ ಹಾಕಿಲ್ರಿ, ತಾನೇ ಹೋದಳು. ಬಂಡಿ ನಸುಕಿನ್ಯಾಗೇ ಬಂದಿತ್ತು. ನಿಮ್ಮ ನರಳಾಟ ಕೇಳಿ, ಬಾಯಿಸಾಬರು ಹೋಗೋ ತನಕಾ ತಡಿ ಅಂತ ಬಂಡಿಯವನಿಗಿ ಹೇಳಿ, ಬಾವಿಗಿ ಹೋಗಿ ಕೊಡ ತಂದಿದ್ದಳ್ರಿ” ಎಂದ.

ನಾನು ಬೀಗದ ಮುಂದೆ ಮಗುವನ್ನು ಹಿಡಿದುಕೊಂಡು ನಿಂತೇ ಇದ್ದೆ. ಇವರು ಹಿಂದೆ ಬಂದು ನಿಂತರು. “ನಾನು ಸರಿಯಾಗೇ ತೀರ್ಪು ಬರೆದಿದ್ದೀನಿ, ಸರೋಜ” ಎಂದರು.

“ನಾನೇನೂ ಕೇಳಲಿಲ್ಲವಲ್ಲ” ಎಂದೆ.

ಕುಂಚಾವರಂ ಕಡೆ ಹೋಗಬೇಕೆಂದು ಎಷ್ಟೋ ಸಲ ಹೊರಟೆವು. ಎಳೆಗೂಸು, ಬಿಸಿಲು, ಆಮೇಲೆ ವರ್ಗದ ಹುಕುಮು. ಹೋಗುವುದಾಗಲೇ ಇಲ್ಲ.

ಆಸ್ಪತ್ರೆಯಿಂದ ಬಂದ ಅವತ್ತು, ನಮ್ಮ ಅಂಗಳದಲ್ಲಿ ಕಾರು ನಿಂತ ಕೂಡಲೇ ಮಾಣಿಕಪ್ಪ ಎಂದಿನಂತೆ ಬಟ್ಟೆ ತೆಗೆದ. ಬಾನೆಟ್ಟಿನ ಮೇಲೆ, ಶಹಾಬಾದಿನ ಬಿಳಿ ಧೂಳಿನ ಅಡಿಯಲ್ಲಿ, ನೀರು ಹರಿದ ಗೆರೆಗಳು ಇನ್ನೂ ಕಾಣುತ್ತಿದ್ದವು. ನಡುವೆ ಒಂದು ಕಡೆ ಅಂಗೈ ಸವರಿದ ಗುರುತು. “ಮುಟ್ಟಬೇಡ!” ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಮಗು ಬೆಚ್ಚಿ ಅತ್ತಿತು. ಮೊದಲ ಮಳೆ ಬೀಳುವವರೆಗೂ ಆ ಕಾರನ್ನು ಒರೆಸಲು ನಾನು ಯಾರಿಗೂ ಬಿಡಲಿಲ್ಲ.